ಜೇನಸ್ ಎಂಬ ತಂದೆ, ಹೆಸರಿಲ್ಲದ ತಾಯಂದಿರು

ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯ ಚರಿತ್ರೆಯನ್ನು ಯಾರು ಬರೆದರೂ ಮೊದಲ ಪುಟಗಳಲ್ಲೇ ಒಂದು ಕುದುರೆಯ ಹೆಸರು ಬರುತ್ತದೆ. ಅದು ಜೇನಸ್. 1746ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕೆಂಗಂದು ಗಂಡುಕುದುರೆ ಅಲ್ಲಿನ ರೇಸುಗಳಲ್ಲಿ ಓಡಿ, 1756ರ ಸುಮಾರಿಗೆ ಹಡಗಿನಲ್ಲಿ ವರ್ಜೀನಿಯಾಕ್ಕೆ ಬಂತು. ತರಿಸಿಕೊಂಡವನು ಗ್ಲಾಸ್ಟರ್ ಕೌಂಟಿಯ ಮಾರ್ಡೆಕೈ ಬೂತ್. ಆಮೇಲೆ ಸುಮಾರು ಕಾಲು ಶತಮಾನ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾದ ತೋಟಗಳಲ್ಲಿ ಅದು ಬೀಜದ ಕುದುರೆಯಾಗಿ ಬಾಳಿತು. 1780ರಲ್ಲಿ, 34ರ ಮುಪ್ಪಿನಲ್ಲಿ ಸತ್ತಿತು. ಕಾಲು ಮೈಲಿ ದೂರವನ್ನು ಜಗತ್ತಿನ ಬೇರೆ ಯಾವ ಕುದುರೆಗಿಂತಲೂ ಬೇಗ ಓಡುವ ಒಂದು ತಳಿಗೆ ಅದನ್ನೇ ಮೂಲಪುರುಷ ಎಂದು ಕರೆಯುವುದು ವಾಡಿಕೆಯಾಗಿದೆ. ಜೇನಸ್ ದೊಡ್ಡ ಕುದುರೆಯೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ತಳಿಯನ್ನು ಒಬ್ಬ ತಂದೆ ಮಾಡಿದ ಎನ್ನುವ ಮಾತಿಗೆ ಸಾಕ್ಷ್ಯ ಒಪ್ಪುವುದಿಲ್ಲ. ಜೇನಸ್ ಬರುವ ಹೊತ್ತಿಗೆ ಅಲ್ಲಿ ಓಟದ ಒಂದು ಪದ್ಧತಿ ಬೇರುಬಿಟ್ಟಿತ್ತು, ಆ ಓಟಕ್ಕೆಂದೇ ಆರಿಸಿ ಸಾಕಿದ ಹೆಣ್ಣುಕುದುರೆಗಳಿದ್ದವು, ಅವನ್ನು ಹಗಲಿರುಳು ನೋಡಿಕೊಳ್ಳುವ ಗುಲಾಮ ಕೈಗಳಿದ್ದವು. ಜೇನಸ್‌ನನ್ನು ಮೂಲಪುರುಷನಾಗಿ ಮಾಡಿದ್ದು ಈ ಮೂರು ಸೇರಿ. ವಂಶಾವಳಿಯ ಪುಸ್ತಕಗಳು ಆ ಮೂರನ್ನೂ ಬಿಟ್ಟು ಒಂದೇ ಹೆಸರನ್ನು ಉಳಿಸಿಕೊಂಡವು.

ಜೇನಸ್ ಎಂಥ ಕುದುರೆ ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಇಂಗ್ಲೆಂಡನ್ನು ನೋಡಬೇಕು. ಥರೋಬ್ರೆಡ್ ಎಂದು ಇಂದು ನಾವು ಕರೆಯುವ ರೇಸ್ ತಳಿ ಆಗಿನ್ನೂ ರೂಪುಗೊಳ್ಳುತ್ತಿತ್ತು. 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ಮೊದಲ ಭಾಗದವರೆಗೆ ಇಂಗ್ಲೆಂಡಿಗೆ ಪೂರ್ವದೇಶಗಳಿಂದ ಬಂದ ಹಲವು ಗಂಡುಕುದುರೆಗಳಲ್ಲಿ ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರರ ಗಂಡುಸಾಲು ಮಾತ್ರ ಇಂದಿನವರೆಗೆ ಉಳಿದಿದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಡುವ, ಕುಣಿಗಲ್‌ನ ಕುದುರೆ ಫಾರಂನಲ್ಲಿ ಹುಟ್ಟುವ ಥರೋಬ್ರೆಡ್‌ಗಳ ತಂದೆಯ ಸಾಲನ್ನು ಹಿಂದಕ್ಕೆ ಹಿಡಿದು ಹೋದರೂ ಇದೇ ಮೂರರಲ್ಲೊಂದಕ್ಕೆ ಮುಟ್ಟುತ್ತದೆ. ಜೇನಸ್‌ನ ತಂದೆಯ ಹೆಸರೂ ಜೇನಸ್ಸೇ, ಹಾಗಾಗಿ ಆ ಕುದುರೆಯನ್ನು ಹಿರಿಯ ಜೇನಸ್ ಎನ್ನುತ್ತಾರೆ. ಅದು ಗೊಡಾಲ್ಫಿನ್ ಅರೇಬಿಯನ್‌ನ ಮಗ. ಅಂದರೆ ನಮ್ಮ ಜೇನಸ್ ಆ ಮೂವರಲ್ಲೊಬ್ಬನ ಮೊಮ್ಮಗ. ಎತ್ತರದಲ್ಲಿ ಮಾತ್ರ ಗಿಡ್ಡ. ನಾಲ್ಕಂಗುಲವನ್ನು ಒಂದು ಹ್ಯಾಂಡ್ ಎಂದು ಎಣಿಸುವ ಕುದುರೆಯವರ ಅಳತೆಯಲ್ಲಿ ಹದಿನಾಲ್ಕು ಹ್ಯಾಂಡಿಗಿಂತ ಚೂರು ಮೇಲೆ, ಹೆಗಲಿನವರೆಗೆ ಸುಮಾರು ನಾಲ್ಕು ಮುಕ್ಕಾಲು ಅಡಿ. ಗಟ್ಟಿಮುಟ್ಟಾದ ಮೈಕಟ್ಟು, ತುಂಬಿದ ತೊಡೆ ಎಂದು ಆ ಕಾಲದವರ ನೆನಪುಗಳು ಹೇಳುತ್ತವೆ.

ಇಲ್ಲೊಂದು ಒಗಟಿದೆ. ಜೇನಸ್ ಓಡುತ್ತಿದ್ದ ದಿನಗಳ ಇಂಗ್ಲಿಷ್ ರೇಸು ಇಂದಿನ ಒಂದೆರಡು ನಿಮಿಷದ ಓಟವಲ್ಲ. ನಾಲ್ಕು ಮೈಲಿಯ ಸುತ್ತು, ಅದೂ ಒಂದೇ ದಿನ ಎರಡು ಮೂರು ಸಲ. ಎರಡು ಸುತ್ತು ಗೆದ್ದ ಕುದುರೆಗೆ ಬಹುಮಾನ. ಕೆಲವೊಮ್ಮೆ ಒಂದು ಕುದುರೆ ಮಧ್ಯಾಹ್ನದಿಂದ ಸಂಜೆಯೊಳಗೆ ಹನ್ನೆರಡು ಮೈಲಿ, ಎಂದರೆ ಸುಮಾರು ಹತ್ತೊಂಬತ್ತು ಕಿಲೋಮೀಟರು ಓಡಬೇಕಾಗುತ್ತಿತ್ತು. ಅಂಥ ಓಟ ಬೇಡುವುದು ದಮ್ಮು, ತಾಳಿಕೆ, ಉದ್ದ ಹೆಜ್ಜೆ. ಜೇನಸ್‌ನ ಅಪ್ಪ, ಅಜ್ಜಂದಿರನ್ನು ಆರಿಸಿದ್ದು, ಜೇನಸ್‌ ಸ್ವತಃ ಓಡಿದ್ದು ಆ ಬಗೆಯ ರೇಸಿಗೆ. ಅಂಥದರಲ್ಲಿ ಆ ಕುದುರೆಯ ಮರಿಗಳು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಕಾಲು ಮೈಲಿಯ ಮಿಂಚಿನ ಓಟಗಾರರಾದದ್ದು ಹೇಗೆ? ತಂದೆಯೊಬ್ಬನಿಂದಲೇ ಈ ಗುಣ ಇಳಿದು ಬಂತು ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಉತ್ತರದ ಮೊದಲ ತುಣುಕು ವರ್ಜೀನಿಯಾದ ನೆಲದಲ್ಲಿದೆ. 17ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರ ಸುತ್ತ ಇದ್ದದ್ದು ದಟ್ಟ ಕಾಡು. ಮರ ಕಡಿದು, ಬೊಡ್ಡೆ ಕಿತ್ತು ಹಸನು ಮಾಡಿದ ಪ್ರತಿ ಎಕರೆಯೂ ಹೊಗೆಸೊಪ್ಪಿಗೆ ಬೇಕಾಗಿತ್ತು. ಹೊಗೆಸೊಪ್ಪೇ ಅಲ್ಲಿ ಬೆಳೆ, ಅದೇ ಹಣ. ಹೀಗಿರುವಾಗ ನಾಲ್ಕು ಮೈಲಿ ಸುತ್ತಿನ ಮೈದಾನವನ್ನು ಬಿಡಿಸಿಡುವುದು ಯಾರಿಗೂ ಆಗದ ಮಾತು. ಆದರೆ ಕೋರ್ಟಿನ ಕಟ್ಟಡದ ಹಿಂದೆ, ಹೋಟೆಲಿನ ಮುಂದಿನ ದಾರಿಯಲ್ಲಿ, ಹೊಲದಂಚಿನಲ್ಲಿ ನಾನೂರು ಮೀಟರು ಉದ್ದದ ನೇರ ದಾರಿಯನ್ನು ಬಿಡಿಸಲು ಕಷ್ಟವಿಲ್ಲ. ಪಕ್ಕಪಕ್ಕದಲ್ಲಿ ಎರಡು ಕಿರುದಾರಿ, ಎರಡು ಕುದುರೆ, ಒಂದು ಸನ್ನೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಈ ಓಟದಲ್ಲಿ ಎರಡನೆಯ ಅವಕಾಶವಿಲ್ಲ. ನಿಂತ ಜಾಗದಿಂದ ಚಿಮ್ಮಿ ಹತ್ತು ಹೆಜ್ಜೆಯೊಳಗೆ ಪೂರ್ತಿ ವೇಗ ಹಿಡಿಯದ ಕುದುರೆ ಸೋತಂತೆಯೇ. ಸಾಕುವವರು ಅಂಥ ಚಿಮ್ಮುವ ಕುದುರೆಯನ್ನೇ ಇಟ್ಟುಕೊಂಡರು, ಅದಕ್ಕೇ ಮರಿ ಮಾಡಿಸಿದರು. ಜೇನಸ್ ಬರುವುದಕ್ಕೆ ಮುಂಚೆಯೇ, ಸುಮಾರು ಮೂರು ತಲೆಮಾರುಗಳ ಮನುಷ್ಯರ ಕಾಲದಲ್ಲಿ, ಕುದುರೆಗಳ ಲೆಕ್ಕದಲ್ಲಿ ಇನ್ನೂ ಹೆಚ್ಚು ತಲೆಮಾರುಗಳಲ್ಲಿ, ಈ ಆಯ್ಕೆ ನಡೆದುಬಂದಿತ್ತು.

ಈ ಓಟದ ಗೀಳು ಎಷ್ಟು ಹಳೆಯದು ಎನ್ನುವುದಕ್ಕೆ ಯಾರ್ಕ್ ಕೌಂಟಿಯ ನ್ಯಾಯಾಲಯದ 1674ರ ದಾಖಲೆ ಸಾಕ್ಷಿ. ಜೇಮ್ಸ್ ಬುಲಕ್ ಎಂಬ ದರ್ಜಿ ತನ್ನ ಹೆಣ್ಣುಕುದುರೆಯನ್ನು ಮ್ಯಾಥ್ಯೂ ಸ್ಲೇಡರ್ ಎಂಬವನ ಕುದುರೆಯ ಎದುರು ಎರಡು ಸಾವಿರ ಪೌಂಡ್ ಹೊಗೆಸೊಪ್ಪಿನ ಪಣಕ್ಕೆ ಓಡಿಸಲು ಒಪ್ಪಂದ ಮಾಡಿಕೊಂಡ. ಕುದುರೆ ಓಡಿಸುವುದು ದೊಡ್ಡಮನುಷ್ಯರ ಆಟ, ದುಡಿಯುವವನು ಅದಕ್ಕೆ ಕೈಹಾಕುವುದು ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ದರ್ಜಿಗೆ ನೂರು ಪೌಂಡ್ ಹೊಗೆಸೊಪ್ಪಿನ ದಂಡ ಹಾಕಿತು. ಸ್ಲೇಡರನ ವಿಚಾರದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ದರ್ಜಿಯ ಕುದುರೆ ಗೆಲ್ಲಲೆಂದು ತನ್ನ ಕುದುರೆಯನ್ನು ದಾರಿ ತಪ್ಪಿಸಿ ಓಡಿಸುವುದಾಗಿ ಅವನು ಬರೆದುಕೊಟ್ಟಿದ್ದ. ಆ ಮೋಸಕ್ಕಾಗಿ ಅವನನ್ನು ಒಂದು ಗಂಟೆ ಕಾಲು ಕೋಳಕ್ಕೆ ಹಾಕಿ ಕೂರಿಸಿದರು. ದಾಖಲೆಯಲ್ಲಿ ದರ್ಜಿಯ ಹೆಸರಿದೆ, ಹೊಗೆಸೊಪ್ಪಿನ ತೂಕವಿದೆ, ಕೋಳದಲ್ಲಿ ಕೂರಬೇಕಾದ ಹೊತ್ತಿದೆ. ಇಷ್ಟೆಲ್ಲಕ್ಕೂ ಕಾರಣವಾದ ಆ ಹೆಣ್ಣುಕುದುರೆಯ ಹೆಸರಿಲ್ಲ. ನೂರು ವರ್ಷದ ಮೇಲೆ ಅಲ್ಲಿ ತಿರುಗಾಡಿ 1784ರಲ್ಲಿ ತನ್ನ ಪ್ರವಾಸದ ಪುಸ್ತಕ ಪ್ರಕಟಿಸಿದ ಜೆ. ಎಫ್. ಡಿ. ಸ್ಮಿತ್ ಎಂಬವನು, ವರ್ಜೀನಿಯಾದ ದಕ್ಷಿಣ ಭಾಗ ಮತ್ತು ಉತ್ತರ ಕೆರೊಲಿನಾದಲ್ಲಿ ಕಾಲು ಮೈಲಿಯ ಓಟಕ್ಕೆಂದೇ ಒಂದು ತಳಿ ಇದೆ, ಆ ದೂರದಲ್ಲಿ ಅದನ್ನು ಮೀರಿಸುವ ಕುದುರೆ ಇಂಗ್ಲೆಂಡಿನಲ್ಲೂ ಇರಲಾರದು, ಆದರೆ ದೂರದ ಓಟಕ್ಕೆ ದಮ್ಮಿಲ್ಲ ಎಂಬ ಅರ್ಥದಲ್ಲಿ ಬರೆದ. ದರ್ಜಿಯ ಕಾಲಕ್ಕೂ ಈ ಪ್ರವಾಸಿಯ ಕಾಲಕ್ಕೂ ನಡುವೆ ಜೇನಸ್ ಬಂದು ಹೋಗಿತ್ತು ನಿಜ. ಆದರೆ ಓಟ, ಪಣ, ಆಯ್ಕೆ ಇವು ಆ ಕುದುರೆ ಬಂದಾಗ ಶುರುವಾದವಲ್ಲ.

ಹಾಗಾದರೆ ಆ ಹೆಣ್ಣುಕುದುರೆಗಳು ಯಾವುವು? ವರ್ಜೀನಿಯಾಕ್ಕೆ ಮೊದಲು ಬಂದ ಕುದುರೆಗಳು 1609-10ರ ಬರಗಾಲದ ಚಳಿಗಾಲದಲ್ಲಿ ಹಸಿದವರ ಹೊಟ್ಟೆ ಸೇರಿದವು. ಮುಂದೆ ಬಂದವು ಹೆಚ್ಚಾಗಿ ಬ್ರಿಟಿಷ್ ದ್ವೀಪಗಳ ಸಣ್ಣಗಾತ್ರದ ಕುದುರೆಗಳು. ಐರ್ಲೆಂಡಿನ ಹಾಬಿ, ಸ್ಕಾಟ್ಲೆಂಡಿನ ಗ್ಯಾಲೊವೇ ಎಂದು ಹೆಸರಾಗಿದ್ದ, ಚುರುಕು ನಡಿಗೆಯ, ಸಣ್ಣ ದೂರಕ್ಕೆ ಜಗ್ಗದ ಜಾತಿಗಳು ಅವುಗಳಲ್ಲಿದ್ದವು. ದಕ್ಷಿಣದಲ್ಲಿ ಸ್ಪೇನಿನವರ ಕುದುರೆಗಳ ವಂಶದ, ಚಿಕಸಾ ಬುಡಕಟ್ಟಿನವರು ಸಾಕಿ ಮಾರುತ್ತಿದ್ದ ಕುದುರೆಗಳೂ ಬೆರೆತವು ಎಂದು ಹಲವು ಚರಿತ್ರೆಕಾರರು ವಾದಿಸುತ್ತಾರೆ. ಎಷ್ಟು ಬೆರೆತವು ಎಂಬ ಬಗ್ಗೆ ಅವರಲ್ಲಿ ಜಗಳವಿದೆ, ಆ ಜಗಳ ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು, ಈ ಕುದುರೆಗಳು ಕಾಡಿನಲ್ಲಿ ಬಿಡುಬೀಸಾಗಿ ಮೇಯುತ್ತ, ತಮ್ಮಷ್ಟಕ್ಕೆ ಮರಿ ಹಾಕುತ್ತ ಬೆಳೆದವು. ಸರಿಯಾದ ಎತ್ತರವಿಲ್ಲದ ಗಂಡುಗಳನ್ನು ಹಾಗೆ ಬಿಡಬಾರದೆಂದು ವಸಾಹತಿನ ಶಾಸನಸಭೆ 1686ರಲ್ಲಿ ಕಾನೂನನ್ನೇ ಮಾಡಬೇಕಾಯಿತು. 1724ರಲ್ಲಿ ಬರೆದ ಹ್ಯೂ ಜೋನ್ಸ್ ಎಂಬ ಪಾದ್ರಿ, ಜನ ಎರಡು ಮೂರು ಮೈಲಿ ದೂರದ ಚರ್ಚಿಗೆ ಸವಾರಿ ಮಾಡಿಕೊಂಡು ಹೋಗಲೆಂದು ಬೆಳಗಿನ ಹೊತ್ತೆಲ್ಲ ಕಾಡಿನಲ್ಲಿ ಹಲವು ಮೈಲಿ ಅಲೆದು ಕುದುರೆ ಹಿಡಿಯುತ್ತಿದ್ದರು ಎಂದು ಹೇಳುತ್ತಾನೆ. ಕುದುರೆಯ ಮೇಲೆ ಕೂರುವುದೇ ಅಲ್ಲಿ ಮಾನ. ಅಂಥ ಸಮಾಜದಲ್ಲಿ ಓಟದ ಕುದುರೆ ಎಂದರೆ ಅಪ್ರಯತ್ನವಾಗಿ ಬೆಳೆದದ್ದಲ್ಲ, ಕಣ್ಣಿಟ್ಟು ಆರಿಸಿದ್ದು.

ಬರೆದಿಡುವ ರೀತಿ ಹೇಗಿತ್ತು ನೋಡಿ. ಬೀಜದ ಕುದುರೆಯ ಒಡೆಯರು ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ಕುದುರೆಯ ಹೆಸರು, ಬಣ್ಣ, ಎತ್ತರ, ತಂದೆ, ಅಜ್ಜ, ಮುತ್ತಜ್ಜ, ಕೊಡಬೇಕಾದ ಶುಲ್ಕ ಎಲ್ಲ ಅದರಲ್ಲಿ ಇರುತ್ತಿತ್ತು. ಅದರ ಬಳಿ ಬಂದ ಹೆಣ್ಣುಕುದುರೆಗೆ ಹುಟ್ಟಿದ ಮರಿಯ ವಂಶಾವಳಿಯಲ್ಲಿ ತಾಯಿಯ ಜಾಗದಲ್ಲಿ ಬಹಳ ಸಲ ಇರುವುದು ಜೇನಸ್‌ನ ಮಗಳು, ಇಲ್ಲವೇ ಜಾಲಿ ರೋಜರ್ ಎಂಬ ಇನ್ನೊಂದು ಗಂಡುಕುದುರೆಯ ಮಗಳು ಎಂಬಷ್ಟೇ. ತಾಯಿಯನ್ನು ಗುರುತಿಸುವುದೂ ಅವಳ ತಂದೆಯಿಂದ. ಎರಡು ಮೂರು ತಲೆಮಾರು ಹಿಂದೆ ಹೋದರೆ ಅದೂ ಖಾಲಿ. ಇಂಗ್ಲೆಂಡಿನಿಂದ ದುಡ್ಡು ಕೊಟ್ಟು ತರಿಸಿದ ಹೆಣ್ಣುಕುದುರೆಯಾದರೆ ಮಾತು ಬೇರೆ. ಗೊಡಾಲ್ಫಿನ್ ಅರೇಬಿಯನ್‌ನ ಮಗಳು ಸೆಲಿಮಾಳನ್ನು ಮೇರಿಲೆಂಡಿನ ಬೆಂಜಮಿನ್ ಟಾಸ್ಕರ್ ತರಿಸಿದ್ದ. 1752ರ ಡಿಸೆಂಬರಿನಲ್ಲಿ ಅವಳು ವರ್ಜೀನಿಯಾದ ಗ್ಲಾಸ್ಟರ್‌ಗೆ ಬಂದು ವಿಲಿಯಂ ಬೈರ್ಡ್‌ನ ಟ್ರಯಲ್ ಎಂಬ ಕುದುರೆ ಸೇರಿದಂತೆ ಎದುರಾಳಿಗಳನ್ನು ನಾಲ್ಕು ಮೈಲಿ ಓಟದಲ್ಲಿ ಸೋಲಿಸಿದಳು. ಅವಳ ಹೆಸರು, ಅವಳ ಮರಿಗಳ ಹೆಸರು ಎಲ್ಲ ಉಳಿದಿವೆ. ಊರಿನದೇ ಹೆಣ್ಣುಕುದುರೆಗೆ ಆ ಭಾಗ್ಯವಿಲ್ಲ. ದಾಖಲೆಯಲ್ಲಿ ಇಲ್ಲದಿರುವುದನ್ನು ಕೊಡುಗೆಯೇ ಇಲ್ಲವೆಂದು ಓದಿದ್ದು ನಂತರ ಬಂದ ಚರಿತ್ರೆಕಾರರ ತಪ್ಪು.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದೇ ಕಾಲದಲ್ಲಿ ಅದೇ ವರ್ಜೀನಿಯಾಕ್ಕೆ ಬೇರೆ ಗಂಡುಕುದುರೆಗಳೂ ಬಂದಿದ್ದವು. ಜಾಲಿ ರೋಜರ್ ಜೇನಸ್‌ಗಿಂತ ಮೊದಲೇ ಬಂದಿತ್ತು. 1764ರಲ್ಲಿ ಜಾನ್ ಬೇಲರ್ ತರಿಸಿದ ಫಿಯರ್‌ನಾಟ್ ಕೂಡ ಗೊಡಾಲ್ಫಿನ್ ಅರೇಬಿಯನ್‌ನ ವಂಶದ್ದೇ, ಮಗನ ಮಗ. ಹೆಣ್ಣುಕುದುರೆಗಳು ಹೆಚ್ಚುಕಡಿಮೆ ಅವೇ. ಆದರೂ ಫಿಯರ್‌ನಾಟ್‌ನ ಮರಿಗಳು ಎತ್ತರವಾಗಿ ಬೆಳೆದು ನಾಲ್ಕು ಮೈಲಿ ಓಟಕ್ಕೆ ಹೆಸರಾದವು, ಜೇನಸ್‌ನ ಮರಿಗಳು ಕಾಲು ಮೈಲಿಗೆ. ತಾಯಂದಿರೇ ಕಾರಣವಾದರೆ ಈ ಭೇದ ಎಲ್ಲಿಂದ ಬಂತು? ಜೇನಸ್‌ನಲ್ಲಿ ವಿಶೇಷವಾದದ್ದು ಇತ್ತು ಎಂದು ನಾನೂ ಒಪ್ಪುತ್ತೇನೆ. ಗಿಡ್ಡ, ತುಂಬಿದ ಆ ಮೈಕಟ್ಟು ಮರಿಗಳಿಗೆ ಇಳಿದದ್ದು ಸುಳ್ಳಲ್ಲ. ಆದರೆ ಆ ಭೇದವನ್ನು ಹಿಗ್ಗಿಸಿದ್ದು ಸಾಕುವವರ ಆಯ್ಕೆ. ಗಿಡ್ಡ ಕುದುರೆಯ ಬಳಿಗೆ ಕಾಲು ಮೈಲಿ ಓಟದ ಮಂದಿ ತಮ್ಮ ಅತಿ ಚುರುಕಾದ ಹೆಣ್ಣುಗಳನ್ನು ತಂದರು. ಎತ್ತರದ ಫಿಯರ್‌ನಾಟ್ ಬಳಿಗೆ ದೂರದ ಓಟದ ಕನಸಿದ್ದ ಸಿರಿವಂತರು ತಮ್ಮವನ್ನು ತಂದರು. ಹೆಣ್ಣುಕುದುರೆಗಳು ಅವೇ ಎನ್ನುವುದು ಪ್ರದೇಶದ ಲೆಕ್ಕದಲ್ಲಿ ಸರಿ, ಜೋಡಿಯ ಲೆಕ್ಕದಲ್ಲಿ ಸರಿಯಲ್ಲ. ಅಲ್ಲದೆ ಜೇನಸ್ ಬಹಳ ಕಾಲ ಬದುಕಿದ್ದರಿಂದ ಆ ಕುದುರೆಯನ್ನು ಅದರ ಮಗಳಿಗೆ, ಮೊಮ್ಮಗಳಿಗೆ ಕೂಡಿಸಿದರು. ಹತ್ತಿರದ ರಕ್ತವನ್ನು ಹೀಗೆ ಮತ್ತೆ ಮತ್ತೆ ಬೆರೆಸಿದರೆ ಒಂದು ಗುಣ ತಳಿಯಲ್ಲಿ ಬಲು ಬೇಗ ನಾಟುತ್ತದೆ. ಆದರೆ ನಾಟುವುದು ತಂದೆಯ ಗುಣ ಮಾತ್ರವಲ್ಲ. ಆ ಮಗಳಲ್ಲಿ ಅವಳ ತಾಯಿಯಿಂದ ಬಂದ ಅರ್ಧವೂ ಇರುತ್ತದೆ, ಓಡಿ ಗೆದ್ದ ಮಗಳನ್ನೇ ಆರಿಸಿದಾಗ ಆ ಅರ್ಧವೂ ಆಯ್ಕೆಯಾಗುತ್ತದೆ. ಇನ್ನೊಂದು ಪುರಾವೆ ಇದೇ ಆಕ್ಷೇಪದೊಳಗಿದೆ: ಜೇನಸ್‌ನ ಹೆಣ್ಣುಮಕ್ಕಳನ್ನು ಫಿಯರ್‌ನಾಟ್‌ಗೆ ಕೂಡಿಸಿದಾಗ ದೂರದ ಓಟದ ಒಳ್ಳೆಯ ಕುದುರೆಗಳೂ ಹುಟ್ಟಿದವು. ತಂದೆಯ ರಕ್ತವೇ ಎಲ್ಲವನ್ನೂ ನಿರ್ಧರಿಸುವುದಾದರೆ ಅದೇ ರಕ್ತ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಫಲಿಸಬಾರದಿತ್ತು.

ಎಣಿಕೆಯನ್ನು ಮುಂದಿಟ್ಟು ವಾದಿಸುವವರೂ ಇದ್ದಾರೆ. ಕುದುರೆಯ ಗಬ್ಬ ಹನ್ನೊಂದು ತಿಂಗಳು. ಒಂದು ಹೆಣ್ಣು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಒಂದು ಗಂಡು ಅದೇ ಹಂಗಾಮಿನಲ್ಲಿ ಹತ್ತಾರು ಮರಿಗಳಿಗೆ ತಂದೆಯಾಗುತ್ತದೆ. ಹಾಗಾಗಿ ತಳಿಯ ದಿಕ್ಕು ತಿರುಗಿಸುವ ಶಕ್ತಿ ಗಂಡಿಗೇ ಹೆಚ್ಚು ಎಂಬ ಮಾತು. ಒಂದು ಪ್ರಾಣಿಯನ್ನು ಇನ್ನೊಂದರ ಪಕ್ಕ ನಿಲ್ಲಿಸಿ ನೋಡಿದರೆ ಇದು ನಿಜ. ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂಬ ನಮ್ಮ ಹಳೆಯ ಧರ್ಮಶಾಸ್ತ್ರಗಳ ಚರ್ಚೆಯಲ್ಲಿ ಬೀಜದ ಪಕ್ಷದವರು ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು. ಆದರೆ ಪ್ರಾಣಿಗಳ ವಿಷಯದಲ್ಲಿ ತಾಯಿ ಬರೀ ಹೊಲವಲ್ಲ, ಅವಳೂ ಬೀಜ ಕೊಡುವವಳೇ. ಜೇನಸ್‌ಗೆ ನೂರು ಮರಿ ಹುಟ್ಟಿದರೆ ಆ ನೂರರ ಅರ್ಧ ಸತ್ವ ತಾಯಂದಿರದು. ಅದು ಹಲವು ತಾಯಂದಿರಲ್ಲಿ ಹಂಚಿಹೋಗಿದೆ ಎಂಬ ಕಾರಣಕ್ಕೆ ಮೊತ್ತ ಕಡಿಮೆಯಾಗುವುದಿಲ್ಲ. ಅದರ ಮೇಲೆ, ಆ ತಾಯಂದಿರು ಒಂದೇ ಬಗೆಯ ಓಟಕ್ಕೆ ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡವರಾಗಿದ್ದರೆ, ಹಂಚಿಹೋದ ಆ ಅರ್ಧವೂ ಒಂದೇ ದಿಕ್ಕಿಗೆ ಎಳೆಯುತ್ತದೆ.

ಕಳೆದ ಇಪ್ಪತ್ತು ವರ್ಷಗಳ ವಂಶವಾಹಿ ಸಂಶೋಧನೆ ಈ ವಾದಕ್ಕೆ ಪುರಾವೆ ಒದಗಿಸಿದೆ. ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯ ಡಿಎನ್ಎಯನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪೂರ್ವದೇಶದ ಕುದುರೆ ಎಂದೇ ಹೊಗಳಿಸಿಕೊಂಡ ಥರೋಬ್ರೆಡ್‌ನ ತಾಯಿಯ ಸಾಲಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಸ್ಥಳೀಯ ಹೆಣ್ಣುಕುದುರೆಗಳ ಪಾಲು ಗಣನೀಯ ಎಂದು ತೋರಿಸಿತು. ಅಂದರೆ ಅರಬ್ ತಂದೆಯರ ಕಥೆಯ ಹಿಂದೆ ಇಂಗ್ಲೆಂಡಿನಲ್ಲೂ ಇದೇ ಆಗಿತ್ತು. 2012ರ ಇನ್ನೊಂದು ಅಧ್ಯಯನ ನೇರವಾಗಿ ವೇಗದ ಬುಡಕ್ಕೇ ಹೋಯಿತು. ಮಯೊಸ್ಟಾಟಿನ್ ಎಂಬ ವಂಶವಾಹಿ ಸ್ನಾಯು ಅತಿಯಾಗಿ ಬೆಳೆಯದಂತೆ ಹಿಡಿದಿಡುತ್ತದೆ. ಅದರ ಒಂದು ರೂಪಾಂತರವಿರುವ ಕುದುರೆಗಳಿಗೆ ಸ್ನಾಯು ದಪ್ಪವಾಗಿ ಬೆಳೆದು, ಅವು ಕಡಿಮೆ ದೂರದ ಓಟಕ್ಕೆ ಹೇಳಿಮಾಡಿಸಿದಂತಿರುತ್ತವೆ. 1764ರಿಂದ 1930ರ ನಡುವೆ ಹುಟ್ಟಿದ 12 ಹೆಸರಾಂತ ಗಂಡುಕುದುರೆಗಳ ಸಂಗ್ರಹಾಲಯದ ಅವಶೇಷಗಳನ್ನೂ ನೂರಾರು ಜೀವಂತ ಕುದುರೆಗಳನ್ನೂ ಪರೀಕ್ಷಿಸಿದ ಸಂಶೋಧಕರು ಎರಡು ಮಾತು ಹೇಳಿದರು. 18 ಮತ್ತು 19ನೆಯ ಶತಮಾನದ ಪ್ರಸಿದ್ಧ ರೇಸ್ ಕುದುರೆಗಳಲ್ಲಿ ಈ ವೇಗದ ರೂಪಾಂತರ ಅಪರೂಪ. ಥರೋಬ್ರೆಡ್ ತಳಿಯೊಳಗೆ ಅದು ಬಂದದ್ದು ಒಂದೇ ಸಲ, ಬ್ರಿಟನ್ನಿನ ಸ್ಥಳೀಯ ಹೆಣ್ಣುಕುದುರೆಯೊಂದರಿಂದ. ಇತ್ತ ಕ್ವಾರ್ಟರ್ ಹಾರ್ಸ್‌ನಲ್ಲಿ ಇದೇ ವಂಶವಾಹಿಯ ಮೇಲೆ ಬಲವಾದ ಆಯ್ಕೆ ನಡೆದಿರುವುದನ್ನು 2013ರಲ್ಲಿ ಪ್ರಕಟವಾದ ಹಲವು ತಳಿಗಳ ಹೋಲಿಕೆ ತೋರಿಸಿತು. ಜೇನಸ್ ಆ ಅಪರೂಪದ ಕೆಲವರಲ್ಲಿ ಒಬ್ಬನಾಗಿದ್ದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆಗಿದ್ದಿರಬಹುದು. ಹಾಗಿದ್ದರೂ ಆ ವೇಗ ಅದಕ್ಕೆ ಬಂದದ್ದು ಅರಬ್ ಅಜ್ಜನಿಂದಲ್ಲ, ಹಿಂದೆಲ್ಲೋ ಇದ್ದ ಊರಿನ ಅಜ್ಜಿಯೊಬ್ಬಳಿಂದ. ಅದೇ ದ್ವೀಪಗಳ ಅಂಥದೇ ಸಣ್ಣ ಕುದುರೆಗಳ ವಂಶದವು ವರ್ಜೀನಿಯಾದ ಕಾಡಿನಂಚಿನಲ್ಲೂ ಇದ್ದವು.

ತಳಿ ಎನ್ನುವುದು ರಕ್ತದಿಂದ ಮಾತ್ರ ಆಗುವುದಿಲ್ಲ. ಯಾವ ಮರಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಗಾಡಿಗೆ ಕಟ್ಟಬೇಕು ಎಂದು ತಿಳಿಯಬೇಕಾದರೆ ಅದು ಹುಟ್ಟಿದ ರಾತ್ರಿಯಿಂದ ಪಕ್ಕದಲ್ಲಿರಬೇಕು. ಆ ಕೆಲಸ ಮಾಡಿದವರು ಯಾರು? ಆಗಿನ ವರ್ಜೀನಿಯಾ, ಉತ್ತರ ಕೆರೊಲಿನಾದ ತೋಟಗಳಲ್ಲಿ ಕುದುರೆಗೆ ಮೇವು ಹಾಕಿದವರು, ಮೈ ಉಜ್ಜಿದವರು, ಪಳಗಿಸಿದವರು, ಬೀಜದ ಕುದುರೆಯನ್ನು ಊರಿಂದೂರಿಗೆ ನಡೆಸಿಕೊಂಡು ಹೋದವರು, ಪಣದ ದಿನ ಬೆನ್ನೇರಿ ಓಡಿಸಿದವರು ಬಹುಪಾಲು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದ ಗಂಡಸರು, ಹುಡುಗರು. ಅವರಲ್ಲಿ ಹೆಚ್ಚಿನವರ ಹೆಸರು ಹೆಣ್ಣುಕುದುರೆಗಳ ಹೆಸರಿನ ಹಾಗೇ ಅಳಿದುಹೋಗಿದೆ. ಉಳಿದ ಕೆಲವರಲ್ಲಿ ಆಸ್ಟಿನ್ ಕರ್ಟಿಸ್ ಒಬ್ಬ. ರೋನೋಕ್ ನದಿಯ ದಂಡೆಯ ಹ್ಯಾಲಿಫ್ಯಾಕ್ಸ್‌ನಲ್ಲಿ ವೈಲಿ ಜೋನ್ಸ್ ಎಂಬ ದೊಡ್ಡ ಜಮೀನುದಾರ, ರಾಜಕಾರಣಿ ಇದ್ದ. ಅವನ ಲಾಯ ಕಾಲು ಮೈಲಿ ಓಟಕ್ಕೆ ಆ ಸೀಮೆಯಲ್ಲೇ ಹೆಸರುವಾಸಿ. ಆ ಲಾಯದ ಸವಾರನೂ ತರಬೇತುದಾರನೂ ಆದವನು ಕರ್ಟಿಸ್. ಜೇನಸ್ ತನ್ನ ಕೊನೆಯ ವರ್ಷಗಳಲ್ಲಿ ಇದ್ದದ್ದೂ ಇದೇ ರೋನೋಕ್ ಸೀಮೆಯಲ್ಲಿ, ಆ ಕುದುರೆಯ ವಂಶ ದಟ್ಟವಾಗಿ ಹರಡಿದ್ದೂ ಇಲ್ಲಿಯೇ. ಅಮೆರಿಕದ ಕ್ರಾಂತಿಯ ಯುದ್ಧದಲ್ಲಿ ಎರಡೂ ಕಡೆಯ ಸೈನ್ಯಗಳು ಕಂಡ ಕುದುರೆಯನ್ನೆಲ್ಲ ಹಿಡಿದೊಯ್ಯುತ್ತಿದ್ದಾಗ ಕರ್ಟಿಸ್ ಜೋನ್ಸ್‌ನ ಕುದುರೆಗಳನ್ನು ಶತ್ರುವಿನ ಕೈಗೆ ಸಿಗದಂತೆ ಕಾಪಾಡಿದ. 1791ರಲ್ಲಿ ಉತ್ತರ ಕೆರೊಲಿನಾದ ಶಾಸನಸಭೆ ಅವನ ನಡತೆಯನ್ನೂ ದೇಶನಿಷ್ಠೆಯನ್ನೂ ಹೊಗಳಿ ಅವನನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿತು. ಕುದುರೆಗಳ ಕೆಲಸವನ್ನು ಅವನು ಆಮೇಲೂ ಬಿಡಲಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕೆಲಸ ಮಾಡಿದ್ದು ಅವರಿರಬಹುದು, ಆದರೆ ಯಾವ ಹೆಣ್ಣಿಗೆ ಯಾವ ಗಂಡು ಎಂಬ ತೀರ್ಮಾನ ಒಡೆಯನದಲ್ಲವೇ, ತಳಿ ಮಾಡಿದವನೂ ಅವನೇ ಅಲ್ಲವೇ? ದುಡ್ಡು, ಕಾಗದ, ಹಕ್ಕು ಒಡೆಯನ ಹೆಸರಿನಲ್ಲಿದ್ದವು, ಸರಿ. ಆದರೆ ಒಡೆಯ ತೀರ್ಮಾನ ಮಾಡುತ್ತಿದ್ದುದು ಯಾವ ಮಾಹಿತಿಯ ಮೇಲೆ? ಯಾವ ಮರಿ ಸನ್ನೆಗೆ ಬೆದರುತ್ತದೆ, ಯಾವುದು ಬಲಗಾಲನ್ನು ಮುಂದಿಟ್ಟು ಚಿಮ್ಮುತ್ತದೆ, ಯಾವುದಕ್ಕೆ ಮುನ್ನೂರು ಮೀಟರು ದಾಟುವಾಗ ಉಸಿರು ಕಟ್ಟುತ್ತದೆ ಎಂಬುದು ಬೆನ್ನ ಮೇಲೆ ಕೂತವನಿಗೆ ಗೊತ್ತು, ಜಗಲಿಯಲ್ಲಿ ಕೂತವನಿಗಲ್ಲ. ಹೊಗೆಸೊಪ್ಪಿನ ಇಡೀ ವರ್ಷದ ಬೆಳೆಯನ್ನೇ ಒಂದು ಓಟಕ್ಕೆ ಪಣವಿಡುತ್ತಿದ್ದ ಜನ ಆ ತಿಳಿವಳಿಕೆಯನ್ನು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಲು ಶಾಸನಸಭೆಯೇ ಕಾನೂನು ಮಾಡಿತು ಎಂದರೆ ಅವನ ಮಾತಿಗೆ ಆ ಸೀಮೆಯಲ್ಲಿ ಎಷ್ಟು ಬೆಲೆಯಿತ್ತು ಎಂದು ಊಹಿಸಬಹುದು. ಹಾಗೆಂದು ಈ ಬೆಲೆಯನ್ನು ನೆನೆದು ಗುಲಾಮಗಿರಿಯ ಕ್ರೌರ್ಯವನ್ನು ಮೃದುಗೊಳಿಸಿ ಹೇಳುವುದು ತಪ್ಪು. ಕರ್ಟಿಸ್ ಪಡೆದ ಬಿಡುಗಡೆ ಅವನಂತೆಯೇ ಬಲ್ಲ ನೂರಾರು ಜನರಿಗೆ ಸಿಗಲಿಲ್ಲ. ಅವರ ಜ್ಞಾನವನ್ನು ಕುದುರೆಯ ಒಡೆಯರು ತೆಗೆದುಕೊಂಡರು, ಅದರ ಕೀರ್ತಿಯನ್ನು ಚರಿತ್ರೆ ಕುದುರೆಗೇ ಕೊಟ್ಟಿತು.

ಆ ಚರಿತ್ರೆ ಬರಹಕ್ಕೆ ಇಳಿದದ್ದೂ ತಡವಾಗಿ. ಅಮೆರಿಕದ ಓಟದ ಕುದುರೆಗಳ ವಂಶಾವಳಿಯ ಪುಸ್ತಕವನ್ನು ಉತ್ತರ ಕೆರೊಲಿನಾದಲ್ಲಿ ನೆಲೆಸಿದ್ದ ಪ್ಯಾಟ್ರಿಕ್ ನಿಸ್ಬೆಟ್ ಎಡ್ಗರ್ ಹೊರತಂದದ್ದು 1833ರಲ್ಲಿ, ಜೇನಸ್ ಸತ್ತು ಅರ್ಧ ಶತಮಾನ ಕಳೆದ ಮೇಲೆ. ಎಡ್ಗರ್ ಕಾಲು ಮೈಲಿ ಓಟದ ಹೆಸರಾಂತ ಹೆಣ್ಣುಕುದುರೆಗಳನ್ನೂ ಪಟ್ಟಿ ಮಾಡಿದ್ದಾನೆ, ಅದಕ್ಕೆ ನಾವು ಅವನಿಗೆ ಋಣಿಗಳಾಗಿರಬೇಕು. ಆದರೂ ಎಲ್ಲ ಸಾಲುಗಳೂ ಒಂದೇ ಹೆಸರಿನ ಕಡೆ ಹರಿಯುವಂತೆ ಕಾಣುವುದು, ಮುದುಕರ ನೆನಪಿನಲ್ಲಿ ಉಳಿದದ್ದು ಆ ಹೆಸರೇ ಆದ್ದರಿಂದ. ಆ ಹೊತ್ತಿಗೆ ಅಮೆರಿಕದ ಸಿರಿವಂತರ ಮೆಚ್ಚುಗೆ ದೂರದ ಓಟಕ್ಕೆ ಹೊರಳಿತ್ತು. ಜೇನಸ್ ಸತ್ತ 1780ರಲ್ಲೇ ಇಂಗ್ಲೆಂಡಿನ ಮೊದಲ ಡರ್ಬಿ ಗೆದ್ದ ಡಯೊಮೆಡ್ ಎಂಬ ಕುದುರೆ, 1798ರಲ್ಲಿ 21ರ ವಯಸ್ಸಿನಲ್ಲಿ ವರ್ಜೀನಿಯಾಕ್ಕೆ ಬಂದು, 1805ರಲ್ಲಿ ಹುಟ್ಟಿದ ಸರ್ ಆರ್ಚಿಗೆ ತಂದೆಯಾಯಿತು. ಕಾಲು ಮೈಲಿಯ ಓಟ ವಲಸೆಗಾರರ ಜೊತೆ ಪಶ್ಚಿಮಕ್ಕೆ, ಟೆನ್ನೆಸ್ಸೀ, ಕೆಂಟಕಿ, ಕೊನೆಗೆ ಟೆಕ್ಸಾಸ್‌ಗೆ ಸರಿಯಿತು. ನಿಂತ ಜಾಗದಿಂದ ಚಿಮ್ಮುವ, ತಟ್ಟನೆ ತಿರುಗುವ ಕುದುರೆ ದನಗಾಹಿಗಳಿಗೂ ಬೇಕಾಯಿತು. ಸರ್ ಆರ್ಚಿಯ ರಕ್ತವೂ ಹರಿಯುತ್ತಿದ್ದ, 1843ರಲ್ಲಿ ಕೆಂಟಕಿಯಲ್ಲಿ ಹುಟ್ಟಿ ಟೆಕ್ಸಾಸ್ ಸೇರಿದ ಸ್ಟೀಲ್ ಡಸ್ಟ್ ಎಂಬ ಕುದುರೆ ಅಲ್ಲಿನವರ ಬಾಯಲ್ಲಿ ಒಂದು ತಳಿಯ ಹೆಸರೇ ಆಗಿಹೋಯಿತು. ಹಳೆಯ ಜೇನಸ್‌ನ ಜಾಗಕ್ಕೆ ಇನ್ನೊಬ್ಬ ತಂದೆ ಬಂದು ಕೂತ ಹಾಗಾಯಿತು.

ಗಂಡುಸಾಲನ್ನೇ ಹಿಡಿದು ಮೂಲಪುರುಷನನ್ನು ಗುರುತಿಸುವ ಪದ್ಧತಿಗೆ ಜೇನಸ್‌ನಿಂದಲೇ ಕೊನೆಯ ಉತ್ತರ ಸಿಗುತ್ತದೆ. ಥರೋಬ್ರೆಡ್‌ಗಳಲ್ಲಿ ಗೊಡಾಲ್ಫಿನ್ ಅರೇಬಿಯನ್‌ನ ಗಂಡುಸಾಲು ಇಂದು ಮ್ಯಾಚೆಮ್ ಎಂಬ ಮೊಮ್ಮಗನ ಮೂಲಕ ಮಾತ್ರ ಉಳಿದಿದೆ, ಜೇನಸ್‌ನ ಮೂಲಕ ಅಲ್ಲ. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಸಂಘ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ್ದು 1940ರಲ್ಲಿ. ಅದೇ ವರ್ಷ ಹುಟ್ಟಿದ, ಆ ತಳಿಯ ಇಪ್ಪತ್ತನೆಯ ಶತಮಾನದ ಅತಿ ಪ್ರಭಾವಿ ತಂದೆ ಎನಿಸಿದ ತ್ರೀ ಬಾರ್ಸ್ ಅಪ್ಪಟ ಥರೋಬ್ರೆಡ್, ಡಾರ್ಲಿ ಅರೇಬಿಯನ್‌ನ ಸಾಲಿನದು. ಹಾಗಾಗಿ ಇಂದು ನೋಂದಣಿಯಾಗಿರುವ ಲಕ್ಷಾಂತರ ಕ್ವಾರ್ಟರ್ ಹಾರ್ಸ್‌ಗಳ ಮುಖ್ಯ ಗಂಡುಸಾಲುಗಳು ಜೇನಸ್‌ಗೆ ಹೋಗಿ ಮುಟ್ಟುವುದಿಲ್ಲ. ಅವುಗಳ ಮೈಯಲ್ಲಿ ಆ ಕುದುರೆಯ ಪಾಲು ಇದೆ ಎನ್ನುವವರು ಅದನ್ನು ಅದರ ಹೆಣ್ಣುಮಕ್ಕಳ, ಅವರ ಹೆಣ್ಣುಮಕ್ಕಳ ಸಾಲಿನಲ್ಲೇ ಹುಡುಕಬೇಕು. ಹಾಗೆ ಹುಡುಕಹೊರಟವರಿಗೆ ನಾಲ್ಕೈದು ತಲೆಮಾರು ಹಿಂದೆ ಹೋಗುವಷ್ಟರಲ್ಲಿ ಪುಸ್ತಕದಲ್ಲಿ ಸಿಗುವುದು, ಜೇನಸ್‌ನ ಮಗಳು ಎಂಬ ಎರಡು ಪದ, ಅದರ ಮುಂದೆ ಅವಳ ತಾಯಿಯ ಹೆಸರಿಗೆಂದು ಬಿಟ್ಟ ಖಾಲಿ ಜಾಗ.